ಇಂಗ್ಲೆಂಡಿನಲ್ಲಿ ಮನೆ ದೊಡ್ಡದು ಮಾಡುವ ಮುಂಚೆ ಕೌನ್ಸಿಲನ್ನು ಕೇಳಿದ ಕತೆ

ನಾವಿರುವುದು ಲಂಡನ್ನಿನಿಂದ ಪಶ್ಚಿಮಕ್ಕೆ, ರೈಲಿನಲ್ಲಿ ಅರ್ಧ ಗಂಟೆ ದೂರದ ಊರಲ್ಲಿ. 1930ರ ದಶಕದ ಸೆಮಿ ಮನೆ. ಒಂದು ಗೋಡೆ ಪಕ್ಕದವರಿಗೂ ನಮಗೂ ಸೇರಿದ್ದು. ಇನ್ನೊಂದು ಪಕ್ಕದಲ್ಲಿ ಈಗಿನ ಕಾರು ನುಗ್ಗದಷ್ಟು ಇಕ್ಕಟ್ಟಿನ ಗ್ಯಾರೇಜು. ಮೂರು ಬೆಡ್‌ರೂಮ್ ಅಂತ ಹೇಳಿ ಮಾರಿದ್ದರು, ಆದರೆ ಮೂರನೆಯದರಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ. ಬಾತ್‌ರೂಮ್ ಇರುವುದು ಮೇಲೆ ಮಾತ್ರ. ಅತ್ತೆ ಆರು ತಿಂಗಳು ಬಂದಿದ್ದಾಗ ಮಂಡಿನೋವಿನಲ್ಲಿ ದಿನಕ್ಕೆ ಏಳೆಂಟು ಸಲ ಆ ಮೆಟ್ಟಿಲು ಹತ್ತಿ ಇಳಿದರು. ಆಗ ತೀರ್ಮಾನಿಸಿದೆವು. ಗ್ಯಾರೇಜು ಒಡೆದು ಕೆಳಗೊಂದು ರೂಮು, ಬಾತ್‌ರೂಮು. ಅದರ ಮೇಲೆ ಒಂದು ಬೆಡ್‌ರೂಮು. ಹಿಂದುಗಡೆ ಅಡುಗೆಮನೆಯನ್ನು 4 ಮೀಟರ್ ತೋಟದ ಕಡೆಗೆ ಎಳೆಯುವುದು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಿದವರು. "ಇಂಜಿನಿಯರ್ ಕೈಲಿ ಪ್ಲಾನ್ ಹಾಕ್ಸು, ಸೆಟ್‌ಬ್ಯಾಕ್ ಬಿಡು, ದುಡ್ಡು ಕಟ್ಟು. ಅದಕ್ಕೆ ಯಾಕಪ್ಪ ಇಷ್ಟು ಯೋಚನೆ?" ಅಂದರು. ವ್ಯತ್ಯಾಸ ಇರುವುದು ಅಲ್ಲೇ. ಊರಲ್ಲಿ ಮುಂದೆ ಇಷ್ಟು ಬಿಡಬೇಕು, ಪಕ್ಕದಲ್ಲಿ ಇಷ್ಟು, ಎಷ್ಟು ಮಹಡಿ ಅನ್ನುವುದೆಲ್ಲ ಅಂಕಿಯಲ್ಲಿ ಇರುತ್ತೆ. ಪಾಲಿಸುತ್ತೇವೋ ಇಲ್ಲವೋ ಬೇರೆ ಮಾತು! ಇಲ್ಲಿ ಅಂಕಿಗಳು ಇರುವುದು ಅನುಮತಿ ಬೇಡದ ಸಣ್ಣ ಕೆಲಸಗಳಿಗೆ. ಸೆಮಿ ಮನೆಯ ಹಿಂದೆ ಒಂದೇ ಅಂತಸ್ತಿನಲ್ಲಿ 3 ಮೀಟರ್‌ವರೆಗೆ, ಎತ್ತರ ಮುಂತಾದ ಮಿತಿಯೊಳಗೆ, ಸಾಮಾನ್ಯವಾಗಿ ಪ್ಲಾನಿಂಗ್ ಅರ್ಜಿ ಇಲ್ಲದೆ ಕಟ್ಟಬಹುದು. ಪಕ್ಕದಲ್ಲಿ ಎರಡಂತಸ್ತು ಎದ್ದ ತಕ್ಷಣ ಅರ್ಜಿ ಬೇಕೇ ಬೇಕು. ಅರ್ಜಿ ಹಾಕಿದ ಮೇಲೆ ಕೌನ್ಸಿಲಿನ, ಅಂದರೆ ನಮ್ಮ ನಗರಸಭೆ ಥರದ ಸ್ಥಳೀಯ ಆಡಳಿತದ, ಒಬ್ಬ ಆಫೀಸರ್ ಕೂತು ಯೋಚಿಸುತ್ತಾರೆ: ಬೀದಿಗೆ ಹೊಂದುತ್ತದಾ, ಪಕ್ಕದವರ ಬೆಳಕಿಗೆ ಅಡ್ಡವಾ, ಕಾರು ಎಲ್ಲಿ ನಿಲ್ಲುತ್ತೆ. ಮನುಷ್ಯರ ತೀರ್ಮಾನ ಅಂದಮೇಲೆ ಮುಂಚೆಯೇ ಒಂದು ಮಾತು ಕೇಳಿಕೊಳ್ಳುವ ದಾರಿಯೂ ಇದೆ. ಅದಕ್ಕೆ ಪ್ರೀ-ಆಪ್ ಅಂತಾರೆ. ಪುಕ್ಕಟೆ ಏನಲ್ಲ. ಫೀಸು ಒಂದೊಂದು ಕೌನ್ಸಿಲಿನಲ್ಲಿ ಒಂದೊಂದು ಥರ. ನಮ್ಮಲ್ಲಿ ಬರೀ ಬರಹದ ಉತ್ತರಕ್ಕೆ 200 ಪೌಂಡ್ ಮೇಲೆ ಚಿಲ್ಲರೆ, ಮನೆಗೆ ಬಂದು ನೋಡಬೇಕೆಂದರೆ ಇನ್ನೂ ಜಾಸ್ತಿ.

ದುಡ್ಡು ಕೊಟ್ಟು "ಇಲ್ಲ" ಅನ್ನಿಸಿಕೊಳ್ಳಬೇಕಾ ಅಂತ ನನಗೂ ಅನಿಸಿತ್ತು. 2025ರ ಯುಗಾದಿ ಭಾನುವಾರ ಬಂದಿತ್ತು. ಕನ್ನಡದವರೆಲ್ಲ ಸೇರಿದ್ದೆವು. ಪುಳಿಯೋಗರೆ ತಟ್ಟೆ ಹಿಡಿದುಕೊಂಡೇ ಸ್ನೇಹಿತನೊಬ್ಬ ಹೇಳಿದ: "ಮಂಗಳವಾರದಿಂದ ಅರ್ಜಿ ಫೀಸು 258ರಿಂದ 528 ಪೌಂಡ್ ಆಗುತ್ತೆ. ಪ್ರೀ-ಆಪ್ ಎಲ್ಲಾ ದಂಡ ಮಾರಾಯ. ಇವತ್ತು ರಾತ್ರಿಯೇ ಹಾಕಿಬಿಡು, ರಿಜೆಕ್ಟ್ ಆದ್ರೆ ಸರಿ ಮಾಡಿ ಇನ್ನೊಂದ್ಸಲ ಫ್ರೀಯಾಗಿ ಹಾಕು." ಫೀಸಿನ ವಿಷಯ ನಿಜ. ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಮನೆ ವಿಸ್ತರಣೆಯ ಅರ್ಜಿಗೆ 528 ಪೌಂಡ್ ಆಯಿತು. ಆದರೆ ಎರಡನೇ ಸಲ ಫ್ರೀ ಅನ್ನುವುದು ಹಳೇ ಕತೆ. ಆ ಸೌಲಭ್ಯವನ್ನು 2023ರ ಡಿಸೆಂಬರ್ 6ರಿಂದಲೇ ತೆಗೆದಿದ್ದರು. ಅವನು ತನ್ನ ಮನೆ ಕಟ್ಟಿಸಿದ್ದು ಅದಕ್ಕೂ ಮುಂಚೆ.

ಆ ರಾತ್ರಿ ನಿಜಕ್ಕೂ ಲ್ಯಾಪ್‌ಟಾಪ್ ತೆಗೆದೆ. ನಕ್ಷೆ ಬರೆದುಕೊಡುವವನು ಕಳಿಸಿದ ಮೊದಲ ಡ್ರಾಯಿಂಗ್ ಇತ್ತು. ಅಪ್‌ಲೋಡ್ ಮಾಡುವ ಮುಂಚೆ ಸುಮ್ನೆ ಕೌನ್ಸಿಲಿನ ವೆಬ್‌ಸೈಟಿನಲ್ಲಿ ನಮ್ಮ ಬೀದಿಯ ಹೆಸರು ಹಾಕಿ ಹುಡುಕಿದೆ. ಹಳೆಯ ಅರ್ಜಿಗಳು, ಡ್ರಾಯಿಂಗುಗಳು, ಒಪ್ಪಿದ್ದು, ತಳ್ಳಿಹಾಕಿದ್ದು, ಅದಕ್ಕೆ ಆಫೀಸರ್ ಬರೆದ ಕಾರಣ, ಎಲ್ಲ ಯಾರು ಬೇಕಾದರೂ ಓದಬಹುದು. ನಮ್ಮ ಎದುರು ಸಾಲಿನಲ್ಲಿ ಹೆಚ್ಚುಕಮ್ಮಿ ನಮ್ಮಂಥದೇ ಎರಡಂತಸ್ತನ್ನು ಗಡಿಯವರೆಗೆ ತಂದಿದ್ದ ಅರ್ಜಿ ಹಿಂದಿನ ವರ್ಷ ಬಿದ್ದುಹೋಗಿತ್ತು. ಕಾರಣ: ಎರಡೂ ಮನೆಯವರು ಹೀಗೇ ಕಟ್ಟಿದರೆ ನಡುವಿನ ಸಂದಿ ಮುಚ್ಚಿ, ಸೆಮಿಗಳ ಬೀದಿ ಸಾಲುಮನೆಗಳ ಬೀದಿಯಂತೆ ಕಾಣುತ್ತೆ. ಹಾಗಾದರೆ ಮೂಲೆಮನೆಯವರು ಗಡಿಯವರೆಗೂ ಕಟ್ಟಿದ್ದಾರಲ್ಲ? ಅದನ್ನೂ ಹುಡುಕಿದೆ. 2004ರ ಅನುಮತಿ. ಮನೆ ಹೇಗೆ ದೊಡ್ಡದು ಮಾಡಬಹುದು ಅಂತ ಕೌನ್ಸಿಲ್ ಹೊರಡಿಸಿರುವ ಈಗಿನ ಡಿಸೈನ್ ಗೈಡ್ ಆಗ ಇರಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ಆಮೇಲೆ ಕೌನ್ಸಿಲಿಗೆ ಪತ್ರ ಬರೆಯಲು ಕೂತೆ. ಮೊದಲ ಕರಡು ನೋಡಿ ಹೆಂಡತಿ ನಕ್ಕಳು. "ಇದು ಮೇಷ್ಟ್ರಿಗೆ ಬರೆದ ರಜೆ ಅರ್ಜಿ ಥರ ಇದೆ." ಅತ್ತೆಯ ಮಂಡಿ, ಮಕ್ಕಳ ಓದು, ಮನೆಯಿಂದ ಕೆಲಸ, ದಯವಿಟ್ಟು ಅನುಕೂಲ ಮಾಡಿಕೊಡಿ. ಕೊನೆಗೆ ಒಂದೇ ಪ್ರಶ್ನೆ: ಒಪ್ಪುತ್ತೀರಾ? ಮಂಡಿಗೆ ಇಲ್ಲಿ ಬೆಲೆ ಇಲ್ಲ ಅಂತಲ್ಲ. ಆದರೆ ನಾವು ಮನೆ ಮಾರಿ ಹೋದರೂ ಗೋಡೆ ಅಲ್ಲೇ ಇರುತ್ತೆ. ಹಾಗಾಗಿ ಯಾರಿಗಾಗಿ ಕಟ್ಟುತ್ತೀರಿ ಅನ್ನುವುದಕ್ಕಿಂತ ಏನು ಕಟ್ಟುತ್ತೀರಿ ಅನ್ನುವುದನ್ನೇ ಅವರು ನೋಡುವುದು. ಇನ್ನು "ಒಪ್ಪುತ್ತೀರಾ" ಅಂತ ಕೇಳಿದರೆ ಬರುವ ಉತ್ತರ "ಈ ರೂಪದಲ್ಲಿ ಕಷ್ಟ" ಅಂತ. ಅಷ್ಟಕ್ಕೆ 200 ಪೌಂಡ್ ಯಾಕೆ?

ಪತ್ರ ಪೂರ್ತಿ ಬದಲಾಯಿಸಿದೆವು. ಎರಡು ನಮೂನೆ ಇಟ್ಟೆವು. ಮೊದಲನೆಯದು ನಮಗೆ ಬೇಕಾದದ್ದು, ಗಡಿಯವರೆಗೆ, ಹಿಂದೆ 4 ಮೀಟರ್. ಎರಡನೆಯದು ಗೈಡ್ ಓದಿ ನಾವೇ ತಗ್ಗಿಸಿದ್ದು: ಮೇಲಂತಸ್ತು ಗಡಿಯಿಂದ 1 ಮೀಟರ್ ಒಳಗೆ, ಮುಂಭಾಗದಿಂದ 1 ಮೀಟರ್ ಹಿಂದೆ, ಚಾವಣಿ ಹಳೆಯದಕ್ಕಿಂತ ಸ್ವಲ್ಪ ಕೆಳಗೆ, ಹಿಂದೆ 3 ಮೀಟರ್. ಹಿಂದಿನ ಅಳತೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಬಂತು. ನಮ್ಮ ಕೌನ್ಸಿಲಿನ ಗೈಡ್ ಪ್ರಕಾರ, ಪಕ್ಕದವರ ಹತ್ತಿರದ ಕಿಟಕಿಯ ಮಧ್ಯದಿಂದ ನಕ್ಷೆಯ ಮೇಲೆ 45 ಡಿಗ್ರಿ ಗೆರೆ ಎಳೆದರೆ ಅದು ನಮ್ಮ ಹೊಸ ಗೋಡೆಗೆ ತಾಗಬಾರದು. ಅವರ ಕಿಟಕಿಯ ಮಧ್ಯದಿಂದ ನಮ್ಮ ಗೋಡೆಗೆ 3.1 ಮೀಟರ್. 45 ಡಿಗ್ರಿ ಅಂದರೆ ಪಕ್ಕಕ್ಕೆ ಎಷ್ಟೋ ಮುಂದಕ್ಕೂ ಅಷ್ಟೇ. 4 ಮೀಟರ್ ಎಳೆದರೆ ಗೆರೆ ಗೋಡೆಯೊಳಗೆ ನುಗ್ಗುತ್ತೆ, 3ಕ್ಕೆ ನಿಲ್ಲಿಸಿದರೆ ಕೂದಲೆಳೆಯಲ್ಲಿ ಪಾರು.

ಪ್ರಶ್ನೆಗಳನ್ನೂ ಬಿಡಿಸಿ ಕೇಳಿದೆವು. ಮೊದಲನೇ ನಮೂನೆ ಬೇಡ ಅಂದರೆ ಯಾವ ಭಾಗ ಬೇಡ? ಪಕ್ಕದ್ದಾ, ಹಿಂದಿನದಾ? ಎರಡನೆಯದರಲ್ಲಿ ಇನ್ನೇನು ಬದಲಾದರೆ ಬೆಂಬಲ ಸಿಗುತ್ತೆ? ಗ್ಯಾರೇಜು ಹೋದ ಮೇಲೆ ಮುಂದುಗಡೆ ಎಷ್ಟು ಕಾರಿಗೆ ಜಾಗ ತೋರಿಸಬೇಕು? ಅರ್ಜಿಯ ಜೊತೆ ಬೇರೆ ಯಾವ ವರದಿ ಬೇಕು? ಈ ಕೊನೆಯ ಪ್ರಶ್ನೆ ಸುಮ್ಮನೆ ಜಾಗ ತುಂಬಲು ಬರೆದದ್ದು. ಹೆಚ್ಚು ಕೆಲಸಕ್ಕೆ ಬಂದದ್ದು ಅದೇ.

ಮೇ ತಿಂಗಳಲ್ಲಿ ಕಳಿಸಿದೆವು. 1:1250 ಅಳತೆಯ ಜಾಗದ ನಕ್ಷೆ, ಕೆಂಪು ಗೆರೆ ಹಾಕಿ. ಎರಡೂ ನಮೂನೆಯ ಡ್ರಾಯಿಂಗು. ಎದುರು ರಸ್ತೆಯಿಂದ, ಹಿಂದಿನ ತೋಟದಿಂದ ತೆಗೆದ ಹತ್ತು ಫೋಟೋ. ನಾಲ್ಕು ವಾರದಲ್ಲಿ ಉತ್ತರ ಅಂತ ಬರೆದುಕೊಂಡಿದ್ದರು. ಐದಾಯಿತು, ಆರಾಯಿತು. ಮೇಲ್ ಹಾಕಿದರೆ ಯಂತ್ರದ ಉತ್ತರ. ಏಳನೇ ವಾರ ಉತ್ತರ ಬಂತು. ಇದಕ್ಕೆ ಅವಧಿ ಮೀರಿದರೆ ಕೇಳುವವರಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು.

ಮೂರೂವರೆ ಪುಟದ ಪತ್ರ. ಒಂದೂವರೆ ಪುಟ ಬರೀ ನಿಯಮಗಳ ಪಟ್ಟಿ, ಎಲ್ಲರಿಗೂ ಕಳಿಸುವಂಥದ್ದು. ಉಳಿದದ್ದು ನಿಜವಾದ ಸರಕು. ಮೊದಲನೇ ನಮೂನೆಗೆ ಬೆಂಬಲ ಇಲ್ಲ. ಎರಡನೆಯದು ತಾತ್ವಿಕವಾಗಿ ಸರಿ. ಮುಂದೆ ಎರಡು ಕಾರಿನ ಜಾಗ ತೋರಿಸಿ, ಒಂದೊಂದು 2.4×4.8 ಮೀಟರ್. ಅಲ್ಲಿ ನೀರು ಇಂಗುವ ಹಾಸು ಹಾಕಿ. ಆಮೇಲೆ ಕೊನೆಯ ಪುಟದಲ್ಲಿ ಒಂದು ಸಾಲು: ಹಿಂದಿನ ಮನೆಯ ತೋಟದಲ್ಲಿರುವ ಓಕ್ ಮರಕ್ಕೆ ರಕ್ಷಣಾ ಆದೇಶ ಇದೆ, ನಿಮ್ಮ ನಕ್ಷೆಯಲ್ಲಿ ಅದು ಕಾಣುತ್ತಿಲ್ಲ, ಅರ್ಜಿಯ ಜೊತೆ ಮರದ ವರದಿ ಕೊಡಿ.

ಮರ ನಮ್ಮದಲ್ಲವಲ್ಲ, ಅದಕ್ಕೇ ತೋರಿಸಿರಲಿಲ್ಲ. ಆದರೆ ಬೇರಿಗೆ ಯಾರ ಬೇಲಿ ಏನು? ಹಿಂದಿನ ಮನೆಯವರನ್ನು ಕೇಳಿಕೊಂಡು, ಹೆಂಡತಿ ಬ್ಲೌಸ್ ಹೊಲಿಯುವ ಟೇಪು ಹಿಡಿದು ಅವರ ತೋಟಕ್ಕೆ ಹೋದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡ ಸುತ್ತಬೇಕು. ಟೇಪು ಒಂದು ಸುತ್ತಿಗೆ ಸಾಲಲಿಲ್ಲ. ಮುಗಿದ ಕಡೆ ಬೆರಳಿಟ್ಟು ಮತ್ತೆ ಅಳೆದರೆ 188 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ ದಪ್ಪ ಸುಮಾರು 60. ಅದರ 12 ಪಟ್ಟು ಅಂದರೆ 7.2 ಮೀಟರ್. ಕಾಂಡದ ಸುತ್ತ ಅಷ್ಟು ದೂರದವರೆಗಿನ ನೆಲ ಬೇರಿನದು ಅಂತ ಲೆಕ್ಕ. ನಮ್ಮ ಹೊಸ ಅಡುಗೆಮನೆಯ ಮೂಲೆ, 3 ಮೀಟರ್‌ಗೆ ನಿಲ್ಲಿಸಿದರೂ, ಕಾಂಡದಿಂದ 6.6 ಮೀಟರ್. ಅರವತ್ತು ಸೆಂಟಿಮೀಟರ್ ಒಳಗೆ ಕೂತಿತ್ತು. ಮರದ ತಜ್ಞರನ್ನು ಕರೆಸಿ ವರದಿ ಮಾಡಿಸಿದೆವು. ಆ ಮೂಲೆಯ ಪಾಯ ಕೈಯಲ್ಲೇ ಅಗೆಯಬೇಕು, ಯಂತ್ರ ತರಬಾರದು ಅಂತ ಬರೆದುಕೊಟ್ಟರು. ಇದು ಗೊತ್ತಿಲ್ಲದೆ ಅರ್ಜಿ ಹಾಕಿದ್ದರೆ, ವರದಿ ಇಲ್ಲ ಅಂತ ಅದು ಅಲ್ಲೇ ಕೂತಿರುತ್ತಿತ್ತು.

ಪ್ರೀ-ಆಪ್‌ನಲ್ಲಿ ಇಲ್ಲದ್ದೂ ಇದೆ. ಅವರು ಪಕ್ಕದವರನ್ನು ಕೇಳುವುದಿಲ್ಲ. ಆ ಕೆಲಸ ನಾವೇ ಮಾಡಿದೆವು. ಡ್ರಾಯಿಂಗ್ ಹಿಡಿದುಕೊಂಡು ಗೋಡೆ ಹಂಚಿಕೊಂಡಿರುವ ಮನೆಗೆ ಹೋದೆವು. ಎಂಬತ್ತರ ಹತ್ತಿರದ ಅಜ್ಜಿ. ಚಾವಣಿ, ಎತ್ತರ ಏನೂ ಕೇಳಲಿಲ್ಲ. ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ನನ್ನನ್ನು ನಿಲ್ಲಿಸಿ, "ಇಲ್ಲಿಂದ ನೋಡಿದರೆ ನಿಮ್ಮ ಗೋಡೆ ಎಲ್ಲಿಗೆ ಬರುತ್ತೆ, ಬೆರಳು ಮಾಡಿ ತೋರಿಸಿ" ಅಂದರು. ತೋರಿಸಿದೆ. ತಲೆಯಾಡಿಸಿದರು. ಆಮೇಲೆ 21 ದಿನದ ಆಕ್ಷೇಪಣೆಯ ಅವಧಿಯಲ್ಲಿ ಅವರಿಂದ ಏನೂ ಬರಲಿಲ್ಲ.

ಇನ್ನೊಂದು, ಪ್ರೀ-ಆಪ್ ಪತ್ರ ಮಾತು ಕೊಟ್ಟಂತಲ್ಲ. ಕೆಳಗಡೆ ಸಣ್ಣಕ್ಷರದಲ್ಲಿ ಇದು ಆಫೀಸರ್ ಅಭಿಪ್ರಾಯ ಮಾತ್ರ, ಕೌನ್ಸಿಲಿಗೆ ಇದರ ಕಟ್ಟುಪಾಡಿಲ್ಲ ಅಂತ ಇತ್ತು. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದಾಗ ಅದು ಬೇರೆ ಆಫೀಸರ್ ಟೇಬಲ್ಲಿಗೆ ಹೋಯಿತು. ಅವರು ಮೇಲಿನ ಪಕ್ಕದ ಕಿಟಕಿಗೆ ಮಸುಕು ಗಾಜು ಹಾಕಿ ಅಂದರು. ಮೊದಲ ಪತ್ರದಲ್ಲಿ ಆ ಸುದ್ದಿಯೇ ಇರಲಿಲ್ಲ. ಎರಡು ದಿನದಲ್ಲಿ ಡ್ರಾಯಿಂಗ್ ತಿದ್ದಿಸಿ ಕೊಟ್ಟೆವು. ಎಂಟು ವಾರದಲ್ಲಿ ಆಗಬೇಕಾದ ತೀರ್ಮಾನಕ್ಕೆ ಇನ್ನೆರಡು ವಾರ ಕೇಳಿದರು, ಒಪ್ಪಿಕೊಂಡೆವು. ನವೆಂಬರಿನಲ್ಲಿ ಅನುಮತಿ ಬಂತು, ಷರತ್ತುಗಳ ಜೊತೆ. ಮೂರು ವರ್ಷದೊಳಗೆ ಕೆಲಸ ಶುರು ಮಾಡಬೇಕು, ಇಟ್ಟಿಗೆ ಹಳೆಯದಕ್ಕೆ ಹೊಂದಬೇಕು, ಆ ಗಾಜು, ಆ ಮರ.

ಇದಾದ ಮೇಲೂ ಕಟ್ಟಡ ಗಟ್ಟಿಯಾ, ಸುರಕ್ಷಿತವಾ ಅಂತ ನೋಡುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆ, ಹಂಚಿಕೊಂಡ ಗೋಡೆಯ ಹತ್ತಿರ ಕೆಲಸ ಮಾಡುತ್ತೇವೆ ಅಂತ ಅಜ್ಜಿಗೆ ಕೊಡುವ ಪಾರ್ಟಿ ವಾಲ್ ನೋಟಿಸು ಬೇರೆ. ಅದಕ್ಕೂ ಪ್ಲಾನಿಂಗಿಗೂ ಸಂಬಂಧ ಇಲ್ಲ, ಪ್ರೀ-ಆಪ್‌ನಲ್ಲಿ ಕೇಳಿದರೆ ಉತ್ತರವೂ ಸಿಗುವುದಿಲ್ಲ.

ಮೊನ್ನೆ ಬಿಲ್ಡರ್ ಬಂದು ರೇಟು ಹೇಳಿದ. ಎಲ್ಲ ಸಾಲು ಓದುತ್ತಾ ಬಂದೆ. ಹಿಂದಿನ ಮೂಲೆಯ ಪಾಯಕ್ಕೆ ಬೇರೆಯೇ ಸಾಲು, ಉಳಿದ ಮೂರು ಮೂಲೆಗಿಂತ ಜಾಸ್ತಿ. ಯಾಕೆ ಅಂದೆ. ಓಕ್ ಮರದ ಕಡೆ ನೋಡಿ, "ಅಲ್ಲಿ ಸಲಿಕೆಯಲ್ಲಿ ಅಗೀಬೇಕಲ್ಲ" ಅಂದ.