ಒಟ್ಟಿಗೆ ಹಾಡಲು ಕೂತಾಗ ಉಸಿರಿಗೆ ಸಿಗುವ ಕೆಲಸ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂದು ಭಜನಾ ಮಂಡಳಿ ಇದೆ. ಜಾಸ್ತಿ ಇರುವುದು ಐವತ್ತು ದಾಟಿದ ಹೆಂಗಸರು, ಜೊತೆಗೆ ನಿವೃತ್ತರಾದ ಕೆಲವು ಗಂಡಸರು. ಮಂಗಳವಾರ ಸಂಜೆ ಸೇರುತ್ತೇವೆ, ಹಾಡಿಸುವುದು ನಾನು. ಹಾಡಿದ ಮೇಲೆ ಮೈ ಹಗುರವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಭಕ್ತಿಯ ಪಾಲಿದೆ, ಸಂತೋಷ. ಆದರೆ ದೊಡ್ಡ ಪಾಲು ಉಸಿರಿನದು ಎಂದು ನನ್ನ ನಂಬಿಕೆ.

ಅದಕ್ಕೇ ನಾವು ನೇರವಾಗಿ ಹಾಡಿಗೆ ಹೋಗುವುದಿಲ್ಲ. ಫೋನಿನಲ್ಲಿ ತಂಬೂರಿ ಹಾಕಿ, ಬೆನ್ನು ನೇರ ಮಾಡಿ ಕೂತು, ಮೊದಲು ಷಡ್ಜ, ಅಂದರೆ ಆಧಾರದ 'ಸ' ಸ್ವರ, ಹಿಡಿಯುತ್ತೇವೆ. ಉಸಿರು ಎಳೆದುಕೊಳ್ಳುವಾಗ ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ಬಿಡುವಾಗ ಅವಸರ ಬೇಡ. ಆಮೇಲೆ ಮಾಯಾಮಾಳವಗೌಳ ರಾಗದ ಸರಳೆವರಸೆ, ಅಂದರೆ ಕಲಿಯುವವರ ಮೊದಲ ಸ್ವರಪಾಠ. ಅದೂ ಒಂದನೇ ಕಾಲದಲ್ಲಿ, ನಿಧಾನ ಗತಿಯಲ್ಲಿ ಮಾತ್ರ. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋದವರಿಗೆ ಅದು ಬಾಯಿಗೆ ತಾನಾಗಿ ಬರುತ್ತದೆ, ಉಳಿದವರು ಕೇಳುತ್ತಾ ಕಲಿಯುತ್ತಾರೆ.

ಶ್ರುತಿಯ ವಿಷಯದಲ್ಲಿ ನಾನು ತುಂಬಾ ಹಟಮಾರಿ. ಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಎತ್ತರ. ಹೆಂಗಸರೆಂದರೆ ಐದೂವರೆ ಮನೆ ಎಂದು ಸುಮ್ನೆ ಹಿಡಿದುಬಿಟ್ಟರೆ, ವಯಸ್ಸಾದವರು ಮೇಲಿನ ಸ್ಥಾಯಿಯಲ್ಲಿ ಕತ್ತು ಬಿಗಿ ಮಾಡಿ ಕಿರುಚಬೇಕಾಗುತ್ತದೆ. ಕತ್ತು ಬಿಗಿಯಾದರೆ ಉಸಿರೂ ಗಿಡ್ಡವಾಯಿತು. ನಾವು ನಾಲ್ಕೂವರೆಗೆ ಇಳಿಸಿಕೊಂಡಿದ್ದೇವೆ. ಗಂಡಸರು ಅದೇ ಷಡ್ಜವನ್ನು ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ತೀರಾ ಕೆಳಗಾಯಿತು ಎನಿಸಿದ ಕಡೆ ದನಿ ಇಳಿಸಿ ತಾಳ ಹಾಕುತ್ತಾರೆ.

ದಾಸರ ಪದದ ಒಂದು ಉದ್ದನೆಯ ಸಾಲು ತೆಗೆದುಕೊಳ್ಳಿ. ಒಬ್ಬರೇ ಹಾಡಿದರೆ ನಡುವೆ ಉಸಿರು ಮುಗಿಯುತ್ತದೆ. ಗುಂಪಿನಲ್ಲಿ ನೀವು ಉಸಿರು ತೆಗೆದುಕೊಳ್ಳುವಾಗ ಪಕ್ಕದವರು ಹಾಡುತ್ತಿರುತ್ತಾರೆ, ಸಾಲು ಕಡಿಯುವುದಿಲ್ಲ. ಆ ಧೈರ್ಯ ಬಂದ ಮೇಲೆ ಪ್ರತಿಯೊಬ್ಬರ ಸಾಲೂ ನಿಧಾನವಾಗಿ ಉದ್ದವಾಗುತ್ತದೆ. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ನಿಧಾನವಾಗಿ ಬಿಟ್ಟಾಗ ಇಳಿಯುತ್ತದೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಇದನ್ನು ಹಾಡುವ ಗುಂಪಿನಲ್ಲೇ ಅಳೆದು ನೋಡಿದರು. ಸಾಲಿಗೆ ತಕ್ಕಂತೆ ಎಲ್ಲರೂ ಉಸಿರಾಡಿದಾಗ ಅವರ ಬಡಿತಗಳೂ ಒಟ್ಟಿಗೆ ಏರಿ ಇಳಿದವು. ಓದಿ ನನಗೆ ಬಹಳ ಖುಷಿಯಾಯಿತು.

ಮನಸ್ಸಿನ ಮಾತಿಗೆ ಬಂದರೆ, ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬರದಿದ್ದ ಒಬ್ಬರು ನಮ್ಮಲ್ಲಿದ್ದಾರೆ. "ಇಲ್ಲಿ ಯಾರೂ ಕೆದಕಿ ಕೇಳೋದಿಲ್ಲ ಅಲ್ವಾ, ಅದಕ್ಕೇ ಬರ್ತೀನಿ" ಎಂದರು. ಜೊತೆ ಬೇಕು, ಆದರೆ ಮಾತಾಡುವ ಶಕ್ತಿ ಇರುವುದಿಲ್ಲ. ಅಂಥವರಿಗೆ ಹಾಡುವ ಗುಂಪಿನಷ್ಟು ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. 2015ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನವೂ ಇದಕ್ಕೆ ಹತ್ತಿರದ್ದೇ. ಕರಕುಶಲ ಮತ್ತು ಬರವಣಿಗೆ ತರಗತಿಗಳಿಗಿಂತ ಹಾಡಿನ ತರಗತಿಯವರು ಬೇಗ ಹತ್ತಿರವಾದರು. ಕೊನೆಕೊನೆಗೆ ಉಳಿದವರೂ ಅಷ್ಟೇ ಹತ್ತಿರವಾದರು, ನಿಜ. ಆದರೆ ದುಃಖದಲ್ಲಿರುವವರಿಗೆ ಆ ಮೊದಲ ವಾರಗಳೇ ಮುಖ್ಯ.

ಹಾಡು ಔಷಧಿಯ ಬದಲಿಗೆ ಅಲ್ಲ. ಉಬ್ಬಸ ಇರುವವರು ಇನ್‌ಹೇಲರ್ ಚೀಲದಲ್ಲಿ ಇಟ್ಟುಕೊಂಡೇ ಬರಬೇಕು, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಬೇಕು. ಗಂಟಲು ಕೆಟ್ಟ ದಿನ ಸುಮ್ಮನೆ ಕೂತು ತಾಳ ಹಾಕಿದರೂ ಸಾಕು. ಹೊಸಬರನ್ನು ಹಾಡಿಸಿ ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಶ್ರುತಿ ಸೇರದವರನ್ನು ಚೆನ್ನಾಗಿ ಹಾಡುವ ಇಬ್ಬರ ನಡುವೆ ಕೂರಿಸುತ್ತೇನೆ.