ಪೋಸ್ಟ್‌ಗ್ರೆಸ್ ಸೋರ್ಸ್‌ನಿಂದ ಕಂಪೈಲ್ ಮಾಡುವಾಗ 'ಪರ್ಮಿಷನ್ ಡಿನೈಡ್' ಬಂದರೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡುವ ಕೆಲಸದಲ್ಲಿ ರೂಟ್ (ಸರ್ವಾಧಿಕಾರದ ಯೂಸರ್) ಬೇಕಾಗುವುದು ನಡುವೆ ಸ್ವಲ್ಪ ಹೊತ್ತು ಮಾತ್ರ. ಟಾರ್ (ಸೋರ್ಸ್ ಇರುವ ಪೊಟ್ಟಣ) ಬಿಚ್ಚುವುದು, ಕಾನ್ಫಿಗರ್, ಮೇಕ್, ಮೇಕ್ ಚೆಕ್ ಇವೆಲ್ಲ ನಿಮ್ಮ ಮಾಮೂಲಿ ಲಾಗಿನ್‌ನಲ್ಲೇ ಆಗಬೇಕು. ಮೇಕ್ ಇನ್‌ಸ್ಟಾಲ್, ಹೊಸ ಯೂಸರ್ ಸೇರಿಸುವುದು, ಡೇಟಾ ಡೈರೆಕ್ಟರಿ ಮಾಡಿ ಅವನಿಗೆ ಒಪ್ಪಿಸುವುದು ರೂಟ್‌ನ ಪಾಲು. ಡೇಟಾ ಡೈರೆಕ್ಟರಿಯನ್ನು ಸಜ್ಜು ಮಾಡುವ ಇನಿಟ್‌ಡಿಬಿಯಿಂದ ಮುಂದಿನದೆಲ್ಲ ಪೋಸ್ಟ್‌ಗ್ರೆಸ್ ಎಂಬ ಯೂಸರ್‌ನದು. ಈ ಮೂವರ ಕೆಲಸ ಕಲಸಿಹೋದಾಗಲೇ ಹೆಚ್ಚಿನ ತೊಂದರೆ. ಆದ್ದರಿಂದ ಎರರ್ ಕಂಡ ಕೂಡಲೇ ಸುಡೋ (ರೂಟ್ ಆಗಿ ಓಡಿಸುವ ಕಮಾಂಡ್) ಸೇರಿಸಿ ಮತ್ತೆ ಓಡಿಸಬೇಡಿ. ಮೊದಲು 'ಐಡಿ' ಕೊಟ್ಟು ನೀವು ಯಾರಾಗಿದ್ದೀರಿ ನೋಡಿ, ಆಮೇಲೆ 'ಎಲ್‌ಎಸ್ -ಎಲ್‌ಡಿ' ಕೊಟ್ಟು ಎರರ್‌ನಲ್ಲಿ ಹೆಸರಿರುವ ಫೈಲ್ ಯಾರದು ನೋಡಿ.

ಕಾನ್ಫಿಗರ್ ಶುರುವಾಗುತ್ತಲೇ ಕಾನ್ಫಿಗ್.ಲಾಗ್ ಬರೆಯಲಾಗದೆ ನಿಂತರೆ, ಹಿಂದೆ ಯಾರೋ ಅದನ್ನು ಸುಡೋ ಹಾಕಿ ಓಡಿಸಿದ್ದಾರೆ. ಆ ಫೈಲ್ ಈಗ ರೂಟ್‌ನದು. ಮೇಕ್ ಚೆಕ್‌ನಲ್ಲಿ ಟಿಎಂಪಿ_ಇನ್‌ಸ್ಟಾಲ್ ಡೈರೆಕ್ಟರಿ ಅಳಿಸಲಾಗದಿದ್ದರೂ ಇದೇ ಕಥೆ. ಟಾರ್ ಅನ್ನು ರೂಟ್ ಆಗಿ ಬಿಚ್ಚಿದ್ದರೆ ಇನ್ನೊಂದು ವಿಚಿತ್ರ: ಗ್ನೂ ಟಾರ್ ಆಗ ಪೊಟ್ಟಣದೊಳಗಿನ ಮಾಲೀಕರನ್ನೇ ಉಳಿಸಿಕೊಳ್ಳುತ್ತದೆ, ನಿಮ್ಮ ಯಂತ್ರದಲ್ಲಿ ಇಲ್ಲದ ಯೂಸರ್‌ನ ಸಂಖ್ಯೆಗೆ ಫೈಲ್‌ಗಳು ಬೀಳಬಹುದು. ಮೂರಕ್ಕೂ ಮದ್ದು ಒಂದೇ, ಸೋರ್ಸ್ ಡೈರೆಕ್ಟರಿಯ ಒಳಗೆ ನಿಂತು:

ಸುಡೋ ಚ್‌ಓನ್ -ಆರ್ ನಿಮ್ಮ_ಯೂಸರ್ .

ಇಲ್ಲಿ 'ಆರ್' ಇಂಗ್ಲಿಷ್ ದೊಡ್ಡಕ್ಷರ. ಕೊನೆಯ ಚುಕ್ಕೆ ಮರೆಯಬೇಡಿ, ಅದರ ಜಾಗದಲ್ಲಿ ಬರೀ ಓರೆಗೆರೆ ಬಿದ್ದರೆ ಇಡೀ ಸಿಸ್ಟಂ ಹಾಳು.

ಮಾಲೀಕರು ಸರಿಯಿದ್ದು, ಎಕ್ಸಿಕ್ಯೂಟ್ ಬಿಟ್ಟೂ ಕಾಣುತ್ತಿದ್ದು, ಆದರೂ ಕಾನ್ಫಿಗರ್ 'ಕಂಪೈಲ್ ಆದ ಸಿ ಪ್ರೋಗ್ರಾಂ ಓಡಿಸಲಾಗುತ್ತಿಲ್ಲ' ಎಂದರೆ ಆ ಡಿಸ್ಕ್ ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಂ ಓಡಿಸಗೊಡದಂತೆ) ಆಗಿ ಮೌಂಟ್ ಆಗಿರಬಹುದು. ಭದ್ರತೆ ಬಿಗಿ ಮಾಡಿದ ಸರ್ವರ್‌ಗಳಲ್ಲಿ /ಟಿಎಂಪಿ ಹೀಗಿರುವುದು ಸಾಮಾನ್ಯ. ಲಿನಕ್ಸ್‌ನಲ್ಲಿ 'ಫೈಂಡ್‌ಎಂಎನ್‌ಟಿ -ಟಿ .' (ಟಿ ದೊಡ್ಡಕ್ಷರ) ಹೇಳಿಬಿಡುತ್ತದೆ. ಇಲ್ಲಿ ಪರ್ಮಿಷನ್ ಬದಲಿಸುವ ಚ್‌ಮಾಡ್ ಏನೂ ಮಾಡದು. ಸೋರ್ಸನ್ನು ಹೋಂ ಡೈರೆಕ್ಟರಿಗೆ ಸಾಗಿಸಿ.

ಮೇಕ್ ಚೆಕ್ ಅನ್ನು ರೂಟ್ ಆಗಿ ಓಡಿಸಿದರೆ ಸೋಲುವುದು ಖಚಿತ, ಅದು ಬಗ್ ಅಲ್ಲ. ಪರೀಕ್ಷೆಗೆ ತಾತ್ಕಾಲಿಕ ಸರ್ವರ್ ಏಳಬೇಕು, ಇನಿಟ್‌ಡಿಬಿಯೂ ಸರ್ವರ್ರೂ ರೂಟ್ ಆಗಿ ಓಡಲು ಒಪ್ಪುವುದಿಲ್ಲ. ಸರ್ವರ್‌ಗೆ ಯಾರಾದರೂ ನುಗ್ಗಿದರೆ ಇಡೀ ಯಂತ್ರವೇ ಅವರ ಕೈಗೆ ಹೋಗಬಾರದು ಎಂಬ ಎಚ್ಚರ ಅದು.

ಹೆಚ್ಚು ಹೊತ್ತು ತಿನ್ನುವುದು ಇನ್‌ಸ್ಟಾಲ್ ಆದ ಮೇಲಿನ ಉಮಾಸ್ಕ್ ತೊಂದರೆ. ಹೊಸ ಫೈಲ್, ಡೈರೆಕ್ಟರಿಗಳಿಂದ ಯಾವ ಪರ್ಮಿಷನ್ ಕಳೆಯಬೇಕೆಂದು ಹೇಳುವ ಸಂಖ್ಯೆ ಉಮಾಸ್ಕ್. ಉಮಾಸ್ಕ್ 077 ಇರುವ ಶೆಲ್‌ನಲ್ಲಿ ಮೇಕ್ ಇನ್‌ಸ್ಟಾಲ್ ಕೊಟ್ಟಿರಿ ಎನ್ನಿ. ಪ್ರೋಗ್ರಾಂಗಳಿಗೆ 755 (ಎಲ್ಲರೂ ಓದಬಹುದು, ಓಡಿಸಬಹುದು) ಎಂದು ಮೇಕ್‌ಫೈಲೇ ಹೇಳುತ್ತದೆ, ಅವು ಸರಿಯಾಗಿ ಬೀಳುತ್ತವೆ. ಆದರೆ ಹೊಸ ಡೈರೆಕ್ಟರಿಗಳು ಉಮಾಸ್ಕ್‌ನಂತೆ 700 (ಮಾಲೀಕನಿಗೆ ಮಾತ್ರ ಪ್ರವೇಶ) ಆಗುತ್ತವೆ. ರೂಟ್ ಆಗಿ ನೋಡಿದರೆ ಇನಿಟ್‌ಡಿಬಿ 755 ಎಂದೇ ಕಾಣುತ್ತದೆ, ಪೋಸ್ಟ್‌ಗ್ರೆಸ್ ಯೂಸರ್‌ಗೆ ಮಾತ್ರ ಪರ್ಮಿಷನ್ ಡಿನೈಡ್. ಒಳಕೋಣೆ ತೆರೆದಿದ್ದು ಹೆಬ್ಬಾಗಿಲಿಗೆ ಬೀಗ ಹಾಕಿದಂತೆ. ಹಾದಿಯ ಪ್ರತಿ ಮೆಟ್ಟಿಲನ್ನೂ ತೋರಿಸುವುದು ಇದು:

ನೇಮ್‌ಐ -ಎಲ್ /ಯುಎಸ್‌ಆರ್/ಲೋಕಲ್/ಪಿಜಿಎಸ್‌ಕ್ಯುಎಲ್/ಬಿನ್/ಇನಿಟ್‌ಡಿಬಿ

700 ಆಗಿರುವ ಡೈರೆಕ್ಟರಿಗಳಿಗೆಲ್ಲ 755 ಕೊಡಿ. ಬಿನ್ ಅಷ್ಟೇ ಅಲ್ಲ, ಲಿಬ್, ಶೇರ್ ಮತ್ತು ಅವುಗಳ ಒಳಗಿನವೂ ಸೇರಿ. ಉಮಾಸ್ಕ್ 022 ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸಾಲದು, ಆಗಲೇ ಇರುವ ಡೈರೆಕ್ಟರಿಗಳನ್ನು ಅದು ಮುಟ್ಟುವುದಿಲ್ಲ.

ಈ ತಿದ್ದುಪಡಿ ಡೇಟಾ ಡೈರೆಕ್ಟರಿಗೆ ಮಾತ್ರ ತಾಗಬಾರದು. ಅದಕ್ಕೆ 0700 ಬೇಕು. 11ನೇ ಆವೃತ್ತಿಯಿಂದ 0750 ಕೂಡ ನಡೆಯುತ್ತದೆ. ಸಿಟ್ಟಿಗೆ 'ಚ್‌ಮಾಡ್ -ಆರ್ 777' (ಆರ್ ದೊಡ್ಡಕ್ಷರ) ಹೊಡೆದವರಿಗೆ ಸರ್ವರ್ ಏಳುವುದೇ ಇಲ್ಲ. ಮಾಲೀಕನೂ ಸರ್ವರ್ ಎಬ್ಬಿಸುವ ಯೂಸರ್ರೂ ಒಬ್ಬನೇ ಇರಬೇಕು:

ಸುಡೋ ಚ್‌ಓನ್ ಪೋಸ್ಟ್‌ಗ್ರೆಸ್ /ಯುಎಸ್‌ಆರ್/ಲೋಕಲ್/ಪಿಜಿಎಸ್‌ಕ್ಯುಎಲ್/ಡೇಟಾ

ನಿಮ್ಮ ಹೋಂನಲ್ಲಿ ನಿಂತೇ 'ಸುಡೋ -ಯು ಪೋಸ್ಟ್‌ಗ್ರೆಸ್' ಎಂದು ಇನಿಟ್‌ಡಿಬಿ ಓಡಿಸಿದರೆ, ಡೈರೆಕ್ಟರಿ ಬದಲಿಸಲಾಗಲಿಲ್ಲ ಎಂಬ ಸಾಲು ಬರಬಹುದು. ಆ ಯೂಸರ್‌ಗೆ ನಿಮ್ಮ ಹೋಂ ಒಳಗೆ ಪ್ರವೇಶವಿಲ್ಲ ಎಂದಷ್ಟೇ ಅರ್ಥ. 'ಸಿಡಿ /' ಮಾಡಿ ಓಡಿಸಿದರೆ ಅದೂ ಮಾಯ. ಆದರೆ ಸರ್ವರ್ ಎಬ್ಬಿಸುವ ಪಿಜಿ_ಸಿಟಿಎಲ್‌ಗೆ '-ಎಲ್ ಲಾಗ್‌ಫೈಲ್' ಎಂದು ಬರೀ ಹೆಸರು ಕೊಟ್ಟಿದ್ದರೆ ಲಾಗ್ ನೀವು ನಿಂತಲ್ಲೇ ಹುಟ್ಟಬೇಕು; ಅಲ್ಲಿ ಬರೆಯುವ ಹಕ್ಕಿಲ್ಲದಿದ್ದರೆ ಸರ್ವರ್ ಏಳುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಸೇರಿದ ಡೈರೆಕ್ಟರಿಯ ಪೂರ್ತಿ ಪಾತ್ ಕೊಡಿ.

ಲಾಕ್ ಫೈಲ್ ವಿಷಯದಲ್ಲಿ ಪರ್ಮಿಷನ್ ಎರರ್ ಬಂದರೆ /ಟಿಎಂಪಿಯಲ್ಲಿ 5432 (ಪೋಸ್ಟ್‌ಗ್ರೆಸ್‌ನ ಮಾಮೂಲಿ ಪೋರ್ಟ್) ಸಂಖ್ಯೆಯ, ಚುಕ್ಕೆಯಿಂದ ಶುರುವಾಗುವ ಫೈಲ್ ಹುಡುಕಿ. ಬೇರೆ ಯೂಸರ್ ಎಬ್ಬಿಸಿದ ಸರ್ವರ್ ಬಿಟ್ಟದ್ದಾಗಿರಬಹುದು. /ಟಿಎಂಪಿಗೆ ಸ್ಟಿಕಿ ಬಿಟ್ (ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ ತಡೆ) ಇರುವುದರಿಂದ ಪೋಸ್ಟ್‌ಗ್ರೆಸ್ ಅದನ್ನು ಅಳಿಸಲಾರದು. ಆ ಸರ್ವರ್ ಇನ್ನೂ ಓಡುತ್ತಿದೆಯೇ ಎಂದು ಪಿಎಸ್ ಕಮಾಂಡ್‌ನಲ್ಲಿ ನೋಡಿಕೊಳ್ಳಿ. ಓಡುತ್ತಿಲ್ಲವಾದರೆ ಮಾತ್ರ ರೂಟ್ ಆಗಿ ಅಳಿಸಿ. ಓಡುತ್ತಿದ್ದರೆ ಹೊಸದಕ್ಕೆ 5433 ಪೋರ್ಟ್ ಕೊಡಿ.