ಹಾಕಿದ್ದಕ್ಕಿಂತ ಜಾಸ್ತಿ ಹೊರಗೆ ಬಂದ ದಿನ

ಕೊಳವೆಯೊಳಗೆ ಬಿಡುತ್ತಿದ್ದ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಶೇ. 1. ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತಿದ್ದದ್ದು ಶೇ. 1.2. ಅನಿಲದಲ್ಲಿ ಯಾವುದು ಎಷ್ಟಿದೆ ಅಂತ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಕೆಟ್ಟಿದೆ ಅಂದುಕೊಂಡೆ. ಎರಡು ಸಲ ಕ್ಯಾಲಿಬ್ರೇಟ್ ಮಾಡಿ ಮತ್ತೆ ಓಡಿಸಿದೆ. ಮತ್ತೆ ಅದೇ 1.2.

ಕೊಳವೆಯಲ್ಲಿ ಇದ್ದದ್ದು 1 ಗ್ರಾಂ 13ಎಕ್ಸ್ ಜಿಯೋಲೈಟ್, ಅಂದರೆ ತನ್ನ ಸಣ್ಣ ಸಣ್ಣ ರಂಧ್ರಗಳಲ್ಲಿ ಅನಿಲದ ಅಣುಗಳನ್ನು ಅಂಟಿಸಿಕೊಳ್ಳುವ ವಸ್ತು. ಹಿಂದಿನ ರಾತ್ರಿ ಒಣ ಹೀಲಿಯಂ ಹರಿಸುತ್ತಾ 350 ಡಿಗ್ರಿಗೆ ಕಾಯಿಸಿ, ಅದರ ಮೇಲ್ಮೈಯನ್ನು ಖಾಲಿ ಮಾಡಿಟ್ಟಿದ್ದೆ. ಹರಿವು ನಿಮಿಷಕ್ಕೆ 100 ಮಿಲಿಲೀಟರ್. ಅನಿಲದ ಉಳಿದ ಭಾಗವಾದ ಹೀಲಿಯಂ 20 ಡಿಗ್ರಿಯ ನೀರಿನಲ್ಲಿ ಗುಳ್ಳೆಯಾಗಿ ಹಾದು ಬರುತ್ತಿದ್ದರಿಂದ ಜೊತೆಗೆ ಸುಮಾರು ಶೇ. 2.3 ನೀರಾವಿ.

ಮೊದಲ 25 ನಿಮಿಷ ಹೊರಗೆ ಬರೀ ಹೀಲಿಯಂ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಗೆರೆ ಏರಿತು, 1 ದಾಟಿ 1.2ರಲ್ಲಿ ನಿಂತಿತು. ಎರಡು ಗಂಟೆ ಅಲ್ಲಾಡಲಿಲ್ಲ. ನೀರಾವಿ ಹೊರಗೆ ಕಾಣಿಸಿದ ಹೊತ್ತಿಗೆ ಸರಿಯಾಗಿ 1ಕ್ಕೆ ಇಳಿಯಿತು. ಆಗ ಲೆಕ್ಕ ಹಾಕಿದೆ. ಮೊದಲು ಒಳಗೆ ಉಳಿದದ್ದು ನಿಮಿಷಕ್ಕೆ 1 ಮಿಲಿಲೀಟರಿನಂತೆ 25. ಆಮೇಲೆ ಹೆಚ್ಚುವರಿಯಾಗಿ ಬಂದದ್ದು ನಿಮಿಷಕ್ಕೆ 0.2ರಂತೆ 24. ಜಿಯೋಲೈಟ್ ಹಿಡಿದಿಟ್ಟದ್ದನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಟ್ಟಿತ್ತು! ನೀರಿಲ್ಲದೆ ಓಡಿಸಿದಾಗ ಗೆರೆ 1ಕ್ಕೆ ಬಂದು ಸುಮ್ನೆ ನಿಂತಿತು.

ನೀರು ಬಂದು ಕಾರ್ಬನ್ ಡೈಆಕ್ಸೈಡನ್ನು ನೂಕುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲ. ಅಂಟಿಕೊಂಡ ಅಣುಗಳು ಸದಾ ಎದ್ದು ಹೋಗುತ್ತವೆ, ಬೇರೆಯವು ಬಂದು ಕೂರುತ್ತವೆ. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶ ಇದೆ, ಅಲ್ವಾ? ಜಿಯೋಲೈಟಿನ ಸೋಡಿಯಂ ಅಯಾನು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ನೆಟ್ಟಗಿನ ಅಣು, ಎರಡೂ ತುದಿ ಒಂದೇ ಥರ. ಅದರ ಹಿಡಿತ ಸಡಿಲ. ಅದು ಎದ್ದ ಜಾಗದಲ್ಲಿ ನೀರು ಕೂತರೆ ಬೇಗ ಏಳುವುದಿಲ್ಲ. ಹೀಗೆ ಒಂದೊಂದೇ ಜಾಗ ಕಾರ್ಬನ್ ಡೈಆಕ್ಸೈಡಿನ ಕೈತಪ್ಪುತ್ತದೆ.

ಲ್ಯಾಂಗ್‌ಮ್ಯೂರ್ ಎಂಬ ಅಮೆರಿಕದ ರಸಾಯನವಿಜ್ಞಾನಿ 1918ರಲ್ಲಿ ಕೊಟ್ಟ ಚಿತ್ರವೂ ಇದೇ: ಇರುವಷ್ಟೇ ಜಾಗ, ಅಲ್ಲಿ ಅಣುಗಳು ಕೂರುತ್ತಾ ಏಳುತ್ತಾ ಇರುತ್ತವೆ. ಅದನ್ನು ಎರಡು ಅನಿಲಗಳಿಗೆ ಹಿಗ್ಗಿಸಿದರೆ ಪೈಪೋಟಿ. 13ಎಕ್ಸ್‌ನಲ್ಲಿ ಎಲ್ಲ ಜಾಗಗಳೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಅವರ ಸೂತ್ರದಿಂದ ಬರುವ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಯಾರು ಗೆಲ್ಲುತ್ತಾರೆ ಅನ್ನುವುದನ್ನು ಅದು ಸರಿಯಾಗಿಯೇ ಹೇಳುತ್ತದೆ.

ಒಂದು ಎಚ್ಚರ. ಈ ನೀರು ಕೋಣೆಯ ಬಿಸಿಯಲ್ಲಿ ಒಣ ಹೀಲಿಯಂ ಹರಿಸಿದರೆ ಬಿಡುವುದಿಲ್ಲ. ಮತ್ತೆ 350ಕ್ಕೇ ಹೋಗಬೇಕು, ಅದೂ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ. ಅವಸರ ಮಾಡಿದರೆ ಒಳಗೇ ಎದ್ದ ಬಿಸಿ ಆವಿ ಜಿಯೋಲೈಟಿನ ರಚನೆಯನ್ನೇ ಹಾಳುಮಾಡಬಹುದು.

ಈಗ 13ಎಕ್ಸ್‌ಗೆ ಮುಂಚೆ ಆಕ್ಟಿವೇಟೆಡ್ ಅಲ್ಯುಮಿನಾದ (ನೀರು ಹಿಡಿಯುವ, ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್) ಒಂದು ಪದರ ಹಾಕುತ್ತೇನೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಸ್ಥಾವರಗಳಲ್ಲೂ ಇದೇ ಕ್ರಮ ಇದೆ. ನೀರನ್ನು ಅದು ಮೊದಲೇ ತಡೆಯುತ್ತದೆ. ಅಲ್ಯುಮಿನಾ ತುಂಬುವ ತನಕ ಗೆರೆ 1 ದಾಟುವುದಿಲ್ಲ.